ಗೆರೆಗಳು ಸಮ ಎಂದು ಗೊತ್ತಿದ್ದರೂ: ಮನೋವಿಜ್ಞಾನ ಓದುವವರ ಮನಸ್ಸಿನ ಸಂಕಟ

ಮನೋವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಪದವಿ ವಿದ್ಯಾರ್ಥಿಗಳು ಆರಂಭದಲ್ಲೇ ಮಾಡುವ ಪ್ರಯೋಗಗಳಲ್ಲಿ ಮ್ಯೂಲರ್-ಲಯರ್ ಭ್ರಮೆಯದೂ ಒಂದು. ಒಂದೇ ಉದ್ದದ ಎರಡು ಗೆರೆಗಳು. ಒಂದರ ತುದಿಗಳಲ್ಲಿ ರೆಕ್ಕೆಗಳು ಬಾಣದ ಮೊನೆಯಂತೆ ಒಳಕ್ಕೆ ಮಡಚಿವೆ, ಇನ್ನೊಂದರಲ್ಲಿ ಹೊರಕ್ಕೆ ಚಾಚಿವೆ. ಎರಡನೆಯದು ಉದ್ದವಾಗಿ ಕಾಣುತ್ತದೆ. ಸ್ಕೇಲು ಇಟ್ಟು ಅಳೆದು, ಎರಡೂ ಸಮ ಎಂದು ಖಾತರಿ ಮಾಡಿಕೊಂಡ ಮೇಲೂ ಅದು ಉದ್ದವಾಗಿಯೇ ಕಾಣುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಸರಾಸರಿ ದೋಷವನ್ನು ಲೆಕ್ಕ ಹಾಕಿ ಬರೆದು, ಮೇಡಂ ಅವರಿಂದ ಸಹಿ ಹಾಕಿಸಿಕೊಂಡು, ವಿದ್ಯಾರ್ಥಿಗಳು ಮುಂದಿನ ಪ್ರಯೋಗಕ್ಕೆ ಹೋಗುತ್ತಾರೆ. ಆದರೆ ಈ ಶಾಸ್ತ್ರವನ್ನು ಓದುವವರ ಸ್ವಂತ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳಲು ಈ ಪುಟ್ಟ ಪ್ರಯೋಗಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ತಿಳಿವಳಿಕೆಯನ್ನು ತಿದ್ದಿಕೊಂಡ ಮಾತ್ರಕ್ಕೆ ಅನುಭವ ತಿದ್ದಿಕೊಳ್ಳುವುದಿಲ್ಲ. ಆತಂಕದ ಒಂದು ಅಲೆ ಎದೆಗೆ ಅಪ್ಪಳಿಸಿದಾಗ ಅದು ಅಪಾಯಕ್ಕೆ ಮೈಯನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರವ್ಯೂಹದ ಕೆಲಸ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವರ ಎದೆಯೂ ಅಷ್ಟೇ ಡವಗುಟ್ಟುತ್ತದೆ.

ಜನರ ನಿರೀಕ್ಷೆ ಇದಕ್ಕೆ ತದ್ವಿರುದ್ಧ. ಹೃದಯತಜ್ಞರಿಗೆ ರಕ್ತದೊತ್ತಡ ಬಂದರೆ ಅವರ ವಿದ್ಯೆಯನ್ನು ಯಾರೂ ಅನುಮಾನಿಸುವುದಿಲ್ಲ. ಕಣ್ಣಿನ ವೈದ್ಯರು ಕನ್ನಡಕ ಹಾಕಿಕೊಂಡೇ ನಮ್ಮ ಕಣ್ಣು ನೋಡುತ್ತಾರೆ. ಮನೋವಿಜ್ಞಾನ ಓದುವ ಹುಡುಗಿ ಎರಡು ದಿನ ಮಂಕಾಗಿ ಕೂತರೆ ಮಾತ್ರ ‘ಸೈಕಾಲಜಿ ಓದ್ತಿದೀಯ, ನಿನಗೇ ಹೀಗಾದರೆ ಹೇಗೆ?’ ಎಂಬ ಪ್ರಶ್ನೆ ಮನೆಯಿಂದಲೂ ಬರುತ್ತದೆ, ಹಾಸ್ಟೆಲ್ಲಿನಿಂದಲೂ ಬರುತ್ತದೆ. ಆ ಪ್ರಶ್ನೆಯನ್ನು ಆಕೆ ಅಷ್ಟರೊಳಗೆ ತನಗೇ ಹತ್ತು ಬಾರಿ ಕೇಳಿಕೊಂಡಿರುತ್ತಾಳೆ ಎಂಬುದು ಕೇಳುವವರಿಗೆ ಹೊಳೆಯುವುದಿಲ್ಲ.

ಈ ಸಂಕಟ ಎಷ್ಟು ವ್ಯಾಪಕ? ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷಾ ಯೋಜನೆಯಡಿ ಎಂಟು ದೇಶಗಳ 19 ಕಾಲೇಜುಗಳ ಸುಮಾರು 14,000 ಪ್ರಥಮ ವರ್ಷದ ವಿದ್ಯಾರ್ಥಿಗಳನ್ನು ಕುರಿತು ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯ ಉತ್ತರಗಳು ಖಿನ್ನತೆ, ಆತಂಕ, ವ್ಯಸನದಂಥ ಸಾಮಾನ್ಯ ತೊಂದರೆಗಳಲ್ಲಿ ಯಾವುದಾದರೂ ಒಂದು ಅವರ ಬದುಕಿನಲ್ಲಿ ಬಂದುಹೋಗಿದೆ ಎಂಬುದನ್ನು ಸೂಚಿಸಿದವು. ಇದು ಎಲ್ಲ ವಿಷಯಗಳ ವಿದ್ಯಾರ್ಥಿಗಳ ಲೆಕ್ಕ. ಮನೋವಿಜ್ಞಾನದವರದೇ ಎಂದರೆ, ಅಮೆರಿಕ ಮತ್ತು ಕೆನಡಾದಲ್ಲಿ ಕ್ಲಿನಿಕಲ್, ಕೌನ್ಸೆಲಿಂಗ್ ಮತ್ತು ಶಾಲಾ ಮನೋವಿಜ್ಞಾನದ ತರಬೇತಿಯಲ್ಲಿರುವವರು ಹಾಗೂ ಅವರ ಅಧ್ಯಾಪಕರು ಸೇರಿ ಸುಮಾರು 1,700 ಮಂದಿ ಉತ್ತರಿಸಿದ, 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ. ಜೀವನದಲ್ಲಿ ಎಂದಾದರೂ ಮಾನಸಿಕ ಆರೋಗ್ಯದ ತೊಂದರೆ ಅನುಭವಿಸಿದ್ದೇವೆ ಎಂದವರು ಅದರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು; ನಿರ್ದಿಷ್ಟ ರೋಗನಿರ್ಣಯ ಆಗಿದೆ ಎಂದವರು ಸುಮಾರು ಅರ್ಧದಷ್ಟು.

ಈ ಎರಡನೆಯ ಸಮೀಕ್ಷೆಯ ಅಂಕಿಯನ್ನು ಹಿಡಿದುಕೊಂಡು ‘ತಲೆ ಸರಿಯಿಲ್ಲದವರೇ ಸೈಕಾಲಜಿಗೆ ಸೇರುತ್ತಾರೆ’ ಎಂಬ ಹಳೆಯ ಕುಹಕಕ್ಕೆ ಪುರಾವೆ ಸಿಕ್ಕಿತು ಎಂದು ಸಂಭ್ರಮಿಸುವವರು ಸ್ವಲ್ಪ ತಾಳಬೇಕು. ಇಂಥ ಸಮೀಕ್ಷೆಗೆ ಉತ್ತರಿಸಲು ಮನಸ್ಸು ಮಾಡುವವರಲ್ಲಿ ವಿಷಯ ತಮ್ಮದೇ ಎನ್ನಿಸಿದವರು ಹೆಚ್ಚಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ತನಗಾದದ್ದಕ್ಕೆ ಹೆಸರು ಗೊತ್ತಿರುವವರು ಹೆಸರು ಹಿಡಿದು ಹೇಳುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿ ‘ಆ ಸೆಮಿಸ್ಟರ್ ಹಾಳಾಯಿತು’ ಎಂದು ಮುಗಿಸುವ ಆರು ತಿಂಗಳನ್ನು ಮನೋವಿಜ್ಞಾನದ ವಿದ್ಯಾರ್ಥಿ ಬೇರೆ ಪದದಲ್ಲಿ ನೆನೆಯುತ್ತಾನೆ. ತಮ್ಮ ಮನೆಯಲ್ಲಿ ಅಥವಾ ತಮ್ಮೊಳಗೆ ಕಂಡ ನೋವಿಗೆ ಅರ್ಥ ಹುಡುಕುತ್ತ ಈ ವಿಷಯಕ್ಕೆ ಬರುವವರು ಇಲ್ಲವೆಂದಲ್ಲ, ಖಂಡಿತ ಇದ್ದಾರೆ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಾಗಾಗಿ ಇವರು ಇತರರಿಗಿಂತ ಹೆಚ್ಚು ನರಳುತ್ತಾರೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಇವರ ನರಳಿಕೆ ಯಾವ ರೀತಿಯಲ್ಲಿ ಬೇರೆ ಎಂದು ಕೇಳುವುದು ಹೆಚ್ಚು ಫಲಕಾರಿ ಎಂದು ನನಗನ್ನಿಸುತ್ತದೆ.

ಮೊದಲ ವ್ಯತ್ಯಾಸ ಮಾನಸಿಕ ಕಾಯಿಲೆಗಳನ್ನು ಕಲಿಸುವ ಅಬ್ನಾರ್ಮಲ್ ಸೈಕಾಲಜಿ ಪತ್ರಿಕೆಯ ಮೊದಲ ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ. ಪ್ರಧಾನ ಖಿನ್ನತೆಯ ಒಂಬತ್ತು ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆದಾಗ ನಿದ್ದೆ ಕೆಟ್ಟಿರುವುದು, ಸುಸ್ತು, ಗಮನ ನಿಲ್ಲದಿರುವುದು, ತನ್ನ ಬಗ್ಗೆ ಕೀಳರಿಮೆ ಇವುಗಳಲ್ಲಿ ಮೂರಾದರೂ ತನಗಿವೆ ಎಂದು ಅನ್ನಿಸದ ಇಪ್ಪತ್ತರ ಹರೆಯದವರು ತರಗತಿಯಲ್ಲಿ ಅಪರೂಪ. ವೈದ್ಯಕೀಯ ವಿದ್ಯಾರ್ಥಿಗಳು ಓದಿದ ಕಾಯಿಲೆಯೆಲ್ಲ ತಮಗಿದೆಯೆಂದು ಹೆದರುವುದು ಹಳೆಯ ಕತೆ. ಅವರಿಗೆ ಕನಿಷ್ಠ ರಕ್ತಪರೀಕ್ಷೆ, ಎಕ್ಸ್‌ರೇಗಳ ಆಸರೆ ಇದೆ; ಇಲ್ಲಿ ಆ ಅನುಕೂಲವಿಲ್ಲ. ಲಕ್ಷಣಪಟ್ಟಿಯ ಜೊತೆಗೇ ಬರುವ ಷರತ್ತುಗಳನ್ನು, ಅಂದರೆ ಒಂಬತ್ತರಲ್ಲಿ ಐದಾದರೂ ಇರಬೇಕು, ಅವುಗಳಲ್ಲಿ ಒಂದು ಕುಗ್ಗಿದ ಮನಸ್ಥಿತಿ ಅಥವಾ ಆಸಕ್ತಿಯ ನಷ್ಟವೇ ಆಗಿರಬೇಕು, ಎರಡು ವಾರ ಹೆಚ್ಚುಕಡಿಮೆ ದಿನವೂ ಇರಬೇಕು, ಮತ್ತು ಅದರಿಂದ ತೀವ್ರ ಯಾತನೆಯಾಗಿರಬೇಕು ಇಲ್ಲವೇ ಓದು, ಕೆಲಸ, ಸಂಬಂಧಗಳು ನಿಜವಾಗಿ ಹದಗೆಟ್ಟಿರಬೇಕು ಎಂಬುದನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ, ತಮ್ಮ ಮೇಲೆ ಪ್ರಯೋಗಿಸಿಕೊಳ್ಳುವಾಗ ಬಿಟ್ಟುಬಿಡುತ್ತಾರೆ.

ಇದರ ಜೊತೆಗೆ ಪ್ರಶ್ನಾವಳಿಗಳು ಕೈಗೆ ಸಿಗುತ್ತವೆ. 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇಂದು ಯಾರ ಮೊಬೈಲಿನಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ. ಒಟ್ಟು 27 ಅಂಕ; 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ಮುಂದಿನ ಪರೀಕ್ಷೆಗೆ ಕಳಿಸಬೇಕು. ‘ಇರಬಹುದು’ ಎಂಬ ಪದಕ್ಕೆ ಎಷ್ಟು ಬೆಲೆ ಎಂಬುದನ್ನು ಸಣ್ಣ ಲೆಕ್ಕವೊಂದರಿಂದ ನೋಡಬಹುದು. ಮೂಲ ಅಧ್ಯಯನದಲ್ಲಿ ಈ ಪಟ್ಟಿ ನಿಜವಾಗಿ ಖಿನ್ನತೆ ಇದ್ದವರಲ್ಲಿ ಶೇಕಡಾ 88 ಮಂದಿಯನ್ನು ಗುರುತಿಸಿತು. ಇಲ್ಲದವರಲ್ಲಿ ಶೇಕಡಾ 88 ಮಂದಿಯನ್ನು ಸರಿಯಾಗಿಯೇ ಹೊರಗಿಟ್ಟಿತು. ಈಗ ಸಾವಿರ ವಿದ್ಯಾರ್ಥಿಗಳಿದ್ದಾರೆ, ಅವರಲ್ಲಿ ನೂರು ಮಂದಿಗೆ ನಿಜಕ್ಕೂ ಖಿನ್ನತೆ ಇದೆ ಎಂದುಕೊಳ್ಳೋಣ. ಆ ನೂರರಲ್ಲಿ 88 ಮಂದಿ ಸಿಗುತ್ತಾರೆ. ಉಳಿದ 900 ಮಂದಿಯಲ್ಲಿ ಶೇಕಡಾ 12 ಮಂದಿ, ಎಂದರೆ 108 ಮಂದಿ, ತೊಂದರೆ ಇಲ್ಲದೆಯೂ 10ರ ಗೆರೆ ದಾಟುತ್ತಾರೆ. ಗೆರೆ ದಾಟಿದ ಒಟ್ಟು 196 ಮಂದಿಯಲ್ಲಿ ಖಿನ್ನತೆ ಇರುವವರು 88, ಅರ್ಧಕ್ಕಿಂತಲೂ ಕಡಿಮೆ. ಪಟ್ಟಿ ಕೆಟ್ಟದ್ದೆಂದು ಇದರರ್ಥವಲ್ಲ. ಅದು ಜರಡಿ, ತಕ್ಕಡಿಯಲ್ಲ. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಇದೇ ಲೆಕ್ಕವನ್ನು ಸಲೀಸಾಗಿ ಬಿಡಿಸುವ ವಿದ್ಯಾರ್ಥಿ, ಮಧ್ಯರಾತ್ರಿ ಮೊಬೈಲಿನಲ್ಲಿ ತನಗೆ 14 ಬಂದದ್ದನ್ನು ನೋಡಿ ತೀರ್ಪು ಬಂತೆಂದು ಕುಸಿಯುತ್ತಾನೆ. ಕಾಣದೆ ಉಳಿಯುವ ಇನ್ನೊಂದು ಅಂಕಿಯೂ ಈ ಲೆಕ್ಕದಲ್ಲಿದೆ: ಕಡಿಮೆ ಅಂಕ ಬಂದು ‘ನನಗೇನೂ ಆಗಿಲ್ಲ’ ಎಂದುಕೊಳ್ಳುವ ಹನ್ನೆರಡು ಮಂದಿ.

ಎರಡನೆಯ ವ್ಯತ್ಯಾಸ ಇದಕ್ಕೆ ನೇರ ವಿರುದ್ಧ ದಿಕ್ಕಿನದು, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದು. ತಿಳಿವಳಿಕೆ ಅಡಗುತಾಣವೂ ಆಗುತ್ತದೆ. ಭಾವನೆಯನ್ನು ಅನುಭವಿಸುವ ಬದಲು ಅದರ ವಿವರಣೆಯಲ್ಲಿ ತಲೆಮರೆಸಿಕೊಳ್ಳುವುದನ್ನು ಮನೋವಿಶ್ಲೇಷಣೆಯ ಪರಂಪರೆ ಒಂದು ರಕ್ಷಣಾತಂತ್ರವೆಂದೇ ಗುರುತಿಸಿದೆ, ಮತ್ತು ಆ ತಂತ್ರದ ಹೆಸರನ್ನು ಕಲಿತವರು ಅದನ್ನು ಇನ್ನಷ್ಟು ನಾಜೂಕಾಗಿ ಬಳಸಬಲ್ಲರು. ‘ನನ್ನದು ಅವಾಯ್ಡೆಂಟ್ ಅಟ್ಯಾಚ್‌ಮೆಂಟ್’ (ಹತ್ತಿರದವರಿಂದಲೂ ದೂರ ಉಳಿಯುವ ಸ್ವಭಾವ) ಎಂದು ನಗುತ್ತ ಹೇಳಿಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಅಪ್ಪನ ಜೊತೆ ಮೂರು ವರ್ಷದಿಂದ ಮಾತಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಎದುರಿನವರು ಎಚ್ಚೆತ್ತುಕೊಳ್ಳುತ್ತಾರೆ ಎಂಬುದು ಗೊತ್ತಿರುವುದರಿಂದ, ಎಚ್ಚೆತ್ತುಕೊಳ್ಳದಂಥ ಉತ್ತರವನ್ನೂ ಕೊಡಬಹುದು.

ಕನ್ನಡದ ವಿದ್ಯಾರ್ಥಿಗಳಲ್ಲಿ ಇದಕ್ಕೆ ಭಾಷೆಯ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಮನೆಯಲ್ಲಿ ಸಂಕಟವನ್ನು ಹೇಳಿಕೊಳ್ಳಲು ಇರುವ ಮಾತುಗಳು ಹೆಚ್ಚಾಗಿ ಮೈಯ ಮಾತುಗಳು: ಎದೆ ಭಾರ, ಹೊಟ್ಟೆಯಲ್ಲಿ ಕಲಸಿದ ಹಾಗೆ, ಕೈಕಾಲು ಸೋತುಹೋಗಿದೆ, ತಲೆಯೇ ಓಡುತ್ತಿಲ್ಲ. ‘ಬೇಜಾರು’ ಎಂಬ ಒಂದೇ ಪದ ಹೊತ್ತು ಹೋಗದಿರುವುದಕ್ಕೂ ಸಲ್ಲುತ್ತದೆ, ಗೆಳತಿಯ ಮೇಲಿನ ಮುನಿಸಿಗೂ ಸಲ್ಲುತ್ತದೆ, ಬದುಕೇ ಸಾಕೆನ್ನಿಸುವುದಕ್ಕೂ ಸಲ್ಲುತ್ತದೆ. ಕೇಳಿದವರು ದನಿಯಿಂದ, ಮುಖದಿಂದ ಯಾವ ಬೇಜಾರು ಎಂದು ತಿಳಿದುಕೊಳ್ಳುತ್ತಾರೆ. ಪಠ್ಯದ ಪದಗಳು ಇಂಗ್ಲಿಷಿನವು, ಇಲ್ಲವೇ ಖಿನ್ನತೆ, ಉದ್ವಿಗ್ನತೆಯಂಥ ಗ್ರಾಂಥಿಕ ಕನ್ನಡದವು. ‘ಅಮ್ಮಾ, ನನಗೆ ಖಿನ್ನತೆ ಇದೆ’ ಎಂದು ಊರಿಗೆ ಫೋನು ಮಾಡಿ ಹೇಳುವವರನ್ನು ನಾನಂತೂ ಕಂಡಿಲ್ಲ. ಡಿಪ್ರೆಶನ್ ಎಂದರೆ ಅಮ್ಮ ಗಾಬರಿಯಾಗುತ್ತಾಳೆ, ಬೇಜಾರು ಎಂದರೆ ‘ಊಟ ಸರಿಯಾಗಿ ಮಾಡು’ ಎನ್ನುತ್ತಾಳೆ. ನಿಖರವಾದ ಪದ ಮನೆಗೆ ಅರ್ಥವಾಗುವುದಿಲ್ಲ, ಮನೆಗೆ ಅರ್ಥವಾಗುವ ಪದ ವಿದ್ಯಾರ್ಥಿಗೆ ಈಗ ಅಶಾಸ್ತ್ರೀಯವೆನ್ನಿಸುತ್ತದೆ. ಹೀಗೆ ಎರಡು ಭಾಷೆಯ ನಡುವೆ ನಿಂತವರು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತಾಗ ರೋಗಿಯ ‘ಎದೆ ಉರಿ’ಯನ್ನು ಕೇಸ್ ಶೀಟಿನ ಇಂಗ್ಲಿಷಿಗೆ ಚೆನ್ನಾಗಿಯೇ ತರ್ಜುಮೆ ಮಾಡುತ್ತಾರೆ, ತಮ್ಮದನ್ನು ಎತ್ತಲೂ ತರ್ಜುಮೆ ಮಾಡಿಕೊಳ್ಳಲಾರರು.

ಸ್ನಾತಕೋತ್ತರ ಹಂತದ ಇಂಟರ್ನ್‌ಶಿಪ್ ಮತ್ತೊಂದು ತಿರುವು. ಇಪ್ಪತ್ತೆರಡರ ವಯಸ್ಸಿನಲ್ಲಿ ಒಬ್ಬರು ವಾರಕ್ಕೆ ಹಲವು ಗಂಟೆ ಹಿಂಸೆ, ಮರಣ, ದುರುಪಯೋಗದ ಕತೆಗಳನ್ನು ಕೇಳುತ್ತ, ಅವನ್ನು ಯಾರೊಂದಿಗೂ ಹಂಚಿಕೊಳ್ಳಬಾರದೆಂಬ ಗೋಪ್ಯತೆಯ ನಿಯಮಕ್ಕೂ ಒಳಪಟ್ಟಿರುತ್ತಾರೆ. ಆಘಾತಕ್ಕೆ ಒಳಗಾದವರ ಜೊತೆ ಕೆಲಸ ಮಾಡುವವರಲ್ಲಿ ಜಗತ್ತು ಸುರಕ್ಷಿತ, ಜನ ನಂಬಿಕೆಗೆ ಅರ್ಹರು ಎಂಬ ಮೂಲಭೂತ ನಂಬಿಕೆಗಳೇ ಕ್ರಮೇಣ ಸಡಿಲವಾಗುವುದನ್ನು 1990ರಲ್ಲಿ ಮ್ಯಾಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಮನೋವಿಜ್ಞಾನಿಗಳು ವಿವರಿಸಿದರು. ಪರೋಕ್ಷ ಆಘಾತವೆಂದು ಅದನ್ನು ಕರೆಯಬಹುದು. ಅದು ದೌರ್ಬಲ್ಯದ ಗುರುತಲ್ಲ, ಕೆಲಸದ ಸ್ವರೂಪದಿಂದಲೇ ಹುಟ್ಟುವಂಥದ್ದು, ಮತ್ತು ಅದಕ್ಕೆ ಇರುವ ಮುಖ್ಯ ತಡೆ ಅನುಭವಿಗಳ ಜೊತೆ ನಿಯಮಿತವಾಗಿ ಕುಳಿತು ಪ್ರಕರಣವನ್ನೂ ತನ್ನ ಪ್ರತಿಕ್ರಿಯೆಯನ್ನೂ ಬಿಚ್ಚಿ ನೋಡುವ ಸೂಪರ್‌ವಿಷನ್. ಆಮ್ಲದ ಬಾಟಲಿ ಇರುವ ಪ್ರಯೋಗಾಲಯದಲ್ಲಿ ಕೈಗವಸು ಬೇಕೇ ಬೇಡವೇ ಎಂದು ಯಾರೂ ವಾದ ಮಾಡುವುದಿಲ್ಲ. ಆದರೆ ಮನೋವಿಜ್ಞಾನದ ಅನೇಕ ವಿಭಾಗಗಳಲ್ಲಿ ಸೂಪರ್‌ವಿಷನ್ ಎಂದರೆ ವರದಿಯ ಕೊನೆಯ ಪುಟಕ್ಕೆ ಬೀಳುವ ಸಹಿ. ಹಾಸ್ಟೆಲ್ಲಿಗೆ ಬಂದರೆ ಅಲ್ಲಿಯೂ ಬಿಡುವಿಲ್ಲ: ‘ನೀನು ಸೈಕಾಲಜಿ ಅಲ್ವಾ, ಇವಳ ಹತ್ತಿರ ಸ್ವಲ್ಪ ಮಾತಾಡು’ ಎಂದು ರಾತ್ರಿ ಹನ್ನೊಂದಕ್ಕೆ ಪಕ್ಕದ ಕೋಣೆಯವರು ಬಾಗಿಲು ತಟ್ಟುತ್ತಾರೆ. ಸಂಬಳವಿಲ್ಲದ, ತರಬೇತಿ ಮುಗಿಯದ ಆ ಕೌನ್ಸೆಲರ್ ಇಲ್ಲವೆನ್ನಲಾರಳು.

ಸಹಾಯ ಕೇಳುವುದು ಇವರಿಗೇಕೆ ಕಷ್ಟ ಎಂಬುದಕ್ಕೆ ಸಂಕೋಚಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿ ಕಾಲೇಜಿನ ಆಪ್ತಸಮಾಲೋಚಕರ ಬಳಿ ಹೋದರೆ ಅಪರಿಚಿತರ ಬಳಿ ಹೋದಂತೆ. ಮನೋವಿಜ್ಞಾನದ ವಿದ್ಯಾರ್ಥಿಗೆ ಆ ಸಮಾಲೋಚಕರು ತನ್ನದೇ ವಿಭಾಗದ ಉಪನ್ಯಾಸಕರಾಗಿರಬಹುದು, ಆಂತರಿಕ ಅಂಕ ಕೊಡುವವರಾಗಿರಬಹುದು, ನಾಳೆ ಶಿಫಾರಸು ಪತ್ರ ಬರೆಯಬೇಕಾದವರೂ ಆಗಿರಬಹುದು. ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್ನಿನ ನೀತಿಸಂಹಿತೆಯಲ್ಲಿ ಇದಕ್ಕೆ ಎರಡು ಸ್ಪಷ್ಟ ನಿಯಮಗಳಿವೆ. ತಮ್ಮ ಮೇಲಾದ ದೌರ್ಜನ್ಯ, ಪಡೆದ ಚಿಕಿತ್ಸೆ, ತಂದೆತಾಯಿಯ ಜೊತೆಗಿನ ಸಂಬಂಧ ಇಂಥ ವೈಯಕ್ತಿಕ ವಿವರಗಳನ್ನು ಹೇಳಿಕೊಳ್ಳುವಂತೆ, ಕೆಲವು ನಿಗದಿತ ಸಂದರ್ಭಗಳನ್ನು ಬಿಟ್ಟರೆ, ವಿದ್ಯಾರ್ಥಿಗಳನ್ನು ಒತ್ತಾಯಿಸುವಂತಿಲ್ಲ ಎಂಬುದು ಒಂದು. ಥೆರಪಿ ಪಡೆಯುವುದು ಕೋರ್ಸಿನ ಭಾಗವಾಗಿದ್ದರೆ, ಆ ವಿದ್ಯಾರ್ಥಿಯ ಮೌಲ್ಯಮಾಪನ ಮಾಡುವ ಅಧ್ಯಾಪಕರೇ ಅದನ್ನು ನೀಡುವಂತಿಲ್ಲ ಎಂಬುದು ಇನ್ನೊಂದು. ನಮ್ಮಲ್ಲಿ ‘ನಿಮ್ಮದೇ ಜೀವನದ ಒಂದು ನೋವಿನ ಘಟನೆಯನ್ನು ವಿಶ್ಲೇಷಿಸಿ’ ಎಂದು ಹತ್ತು ಅಂಕದ ಅಸೈನ್‌ಮೆಂಟ್ ಕೊಡುವವರು ಸದುದ್ದೇಶದಿಂದಲೇ ಕೊಡುತ್ತಾರೆ. ಆ ಹಾಳೆಗಳು ಆಮೇಲೆ ಯಾವ ಕಪಾಟಿನಲ್ಲಿರುತ್ತವೆ ಎಂದು ಕೇಳಿ ನೋಡಬೇಕು.

ಮುಂದಿನ ದಾರಿಯ ಅನಿಶ್ಚಿತತೆಯೂ ಕಡಿಮೆಯದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ನೂರು ವರ್ಷ ಕಳೆದರೂ ಎಂ.ಎ. ಮುಗಿಸಿದವರಿಗೆ ‘ಈಗ ಏನಾದಂತಾಯಿತು?’ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. 1992ರ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅದಕ್ಕೆ ದಾರಿಯಾಗಿದ್ದದ್ದು ಐದು ವರ್ಷದ ಓದಿನ ಮೇಲೆ ಮತ್ತೆರಡು ವರ್ಷದ ಎಂ.ಫಿಲ್, ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಅದರ ಸೀಟುಗಳು ಬೆರಳೆಣಿಕೆಯವು. ಯುಜಿಸಿ 2022ರ ನಿಯಮಗಳಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು, ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ವಿನಾಯಿತಿ ವಿಸ್ತರಿಸಿತು. 2025ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಮನೋವಿಜ್ಞಾನ ಕಲಿಸುವುದನ್ನು ನಿಲ್ಲಿಸುವಂತೆ ಸೂಚಿಸಿತು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಕಾರಣಗಳಿವೆ. ಆದರೂ ನಡೆಯುತ್ತಿರುವಾಗಲೇ ಮೆಟ್ಟಿಲು ಬದಲಾಗುವ ಏಣಿಯ ಮೇಲಿರುವವರ ನಿದ್ದೆ ಕೆಡುವುದಕ್ಕೆ ಲಕ್ಷಣಪಟ್ಟಿಯಲ್ಲಿ ಹೆಸರು ಹುಡುಕಬೇಕಾಗಿಲ್ಲ.

ತನಗೆ ಚಿಕಿತ್ಸೆ ನಡೆದಿದೆ ಎಂದು ಹೇಳಿಕೊಂಡರೆ ವೃತ್ತಿಗೆ ಕುತ್ತು ಎಂಬ ಭಯಕ್ಕೆ ಪ್ರಸಿದ್ಧ ಉದಾಹರಣೆ ಮಾರ್ಷಾ ಲಿನೆಹನ್. ತೀವ್ರ ಭಾವೋದ್ವೇಗ ಮತ್ತು ಸ್ವಹಾನಿಗೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು ರೂಪಿಸಿದ ಈ ಅಮೆರಿಕನ್ ಮನೋವಿಜ್ಞಾನಿ, ಹದಿಹರೆಯದಲ್ಲಿ ತಾನೇ ಆ ಸ್ಥಿತಿಯಲ್ಲಿ ಮನೋರೋಗ ಆಸ್ಪತ್ರೆಯಲ್ಲಿದ್ದೆ ಎಂಬುದನ್ನು ಸಾರ್ವಜನಿಕವಾಗಿ ಹೇಳಿದ್ದು 2011ರಲ್ಲಿ, ತಾನು ದಾಖಲಾಗಿದ್ದ ಅದೇ ಆಸ್ಪತ್ರೆಯಲ್ಲಿ ನಿಂತು. ಆಗ ಅವರಿಗೆ 68 ವರ್ಷ. ಇದನ್ನು ಧೈರ್ಯದ ಕತೆಯಾಗಿ ಹೇಳುವುದು ವಾಡಿಕೆ, ಸರಿಯೇ. ಆದರೆ ಅಷ್ಟು ದೊಡ್ಡ ಹೆಸರಿನವರಿಗೂ ಬಾಯಿಬಿಡಲು ಅಷ್ಟು ಕಾಲ ಬೇಕಾಯಿತು ಎಂಬುದನ್ನು ಗಮನಿಸಿದರೆ, ಎರಡನೇ ಸೆಮಿಸ್ಟರಿನ ವಿದ್ಯಾರ್ಥಿಯ ಮೌನವನ್ನು ದೂರುವುದು ಕಷ್ಟ.

ನೆರವಿನ ವಿಷಯಕ್ಕೆ ಬಂದರೆ, ವಿಭಾಗಕ್ಕೆ ಸಂಬಂಧವಿಲ್ಲದವರಿಂದ ಸಿಗುವ ನೆರವೇ ಇವರಿಗೆ ಬೇಕಾದದ್ದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು; ಎದೆ ಭಾರ ಎಂದರೂ ಅಲ್ಲಿ ಅರ್ಥವಾಗುತ್ತದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಮನೋವಿಜ್ಞಾನ ವಿಭಾಗವಿರುವ ಕಾಲೇಜು ತನ್ನ ಉಪನ್ಯಾಸಕರಿಗೇ ಆ ಹೆಸರನ್ನೂ ಅಂಟಿಸಿ ಕಡತ ಮುಚ್ಚಿದರೆ, ಆ ವಿಭಾಗದ ವಿದ್ಯಾರ್ಥಿಗಳ ಪಾಲಿಗೆ ನೇಮಕ ಆಗಿಲ್ಲದಂತೆಯೇ. ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಆತ್ಮಹತ್ಯೆಯ ಪ್ರಯತ್ನವನ್ನು ಮುಚ್ಚಿಡುವ ಮನೆಗಳು ಇನ್ನೂ ಇವೆ. ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಇವುಗಳಲ್ಲಿ ಯಾವುದಕ್ಕೂ ಕಾಯದೆ ವಿಭಾಗಗಳು ನಾಳೆಯೇ ಮಾಡಬಹುದಾದ ಕೆಲಸವೊಂದು ಪ್ರಾಯೋಗಿಕ ತರಗತಿಯಲ್ಲಿದೆ. ಅಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಕೂತು, ‘ಇವತ್ತು ನೀನು ನನ್ನ ಸಬ್ಜೆಕ್ಟ್’ ಎನ್ನುತ್ತ, ಆತಂಕದ, ಖಿನ್ನತೆಯ ಮಾಪನಗಳನ್ನು ಒಬ್ಬರಿಗೊಬ್ಬರು ಹಂಚುತ್ತಾರೆ. ತುಂಬಿದ ಹಾಳೆ ರೆಕಾರ್ಡಿಗೆ ಅಂಟುತ್ತದೆ. ಸಬ್ಜೆಕ್ಟಿನ ಹೆಸರಿನ ಜಾಗದಲ್ಲಿ ಮೊದಲಕ್ಷರಗಳಷ್ಟೇ ಇರುತ್ತವೆ, ಅವು ಯಾರವೆಂದು ಇಡೀ ತರಗತಿಗೆ ಗೊತ್ತಿರುತ್ತದೆ. ಅಂತರಾವಲೋಕನ ವರದಿಯ ಅಂಕಣದಲ್ಲಿ ‘ಪರೀಕ್ಷೆ ಆಸಕ್ತಿದಾಯಕವಾಗಿತ್ತು’ ಎಂಬ ಸಾಲು ಸೀನಿಯರ್‌ಗಳ ರೆಕಾರ್ಡಿನಿಂದ ಬಂದಿರುತ್ತದೆ. ಇಂಥ ಮಾಪನಗಳನ್ನು ಸಹಪಾಠಿಗಳ ನಡುವೆ ಹಂಚುವ ಬದಲು ಕಲ್ಪಿತ ಉತ್ತರಗಳ ಮೇಲೆ ಅಂಕ ಹಾಕುವುದನ್ನು ಕಲಿಸಬಹುದು. ನಿಜದ ಉತ್ತರಗಳೇ ಬೇಕೆನ್ನುವುದಾದರೆ ಒಂದು ಎಚ್ಚರ ಬೇಕು: ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸತ್ತರೇ ಮೇಲೆನ್ನಿಸುವ, ತನಗೆ ಹಾನಿ ಮಾಡಿಕೊಳ್ಳುವ ಯೋಚನೆಗಳನ್ನು ಕುರಿತದ್ದು. ಅದರ ಮುಂದೆ ಸೊನ್ನೆಯಲ್ಲದ ಗುರುತು ಬಿದ್ದರೆ ಅದೇ ದಿನ, ಖಾಸಗಿಯಾಗಿ, ತರಬೇತಿ ಇರುವ ಒಬ್ಬರು ಆ ವಿದ್ಯಾರ್ಥಿಯ ಜೊತೆ ಕೂತು ಮಾತನಾಡಬೇಕು. ಮೊತ್ತ ಕೂಡುವ ಅವಸರದಲ್ಲಿ ಆ ಗುರುತು 27ರಲ್ಲಿ ಒಂದು ಅಂಕವಾಗಿ ಕರಗಿಹೋಗಬಾರದು. ಕೆಂಪು ಶಾಯಿಯ ಸಹಿ ಹಾಕುವ ಮೊದಲು ಹಾಳೆ ತಿರುಗಿಸಿ ಒಂಬತ್ತನೆಯ ಸಾಲನ್ನು ನೋಡಲು ಹಿಡಿಯುವುದು ಒಂದೆರಡು ಸೆಕೆಂಡು.